ಮುದ್ದವ್ವನ ಕೂಗು

"ಕೇಳಿರಪ್ಪೋ ಕೇಳಿ! ಬೆಟ್ಟದ ಕೋಟೆಯ ಅರಸುಕುಮಾರಿ ಹೊನ್ನಾಜಮ್ಮಣ್ಣಿಯವರ ಅಪ್ಪಣೆ! ಅವರ ಮೂರು ಒಗಟು ಬಿಡಿಸಿದವನು ಅವರ ಕೈ ಹಿಡಿಯಬಹುದು. ಅದು ಬೇಡವೆಂದರೆ ಬೇಕಾದ್ದನ್ನು ಕೇಳಿ ಪಡೆಯಬಹುದು. ಒಂದು ತಪ್ಪಿದರೂ ಅಮಾವಾಸ್ಯೆಯ ಬೆಳಗ್ಗೆ ತಲೆ ಹೋಗುತ್ತದೆ! ಹೊತ್ತು ಮುಳುಗುವುದರೊಳಗೆ ಉತ್ತರ ಹೇಳಬೇಕು!"

ಡಂಗುರದವನಿಗೇನು, ಸಾರಿ ಮುಂದಿನ ಊರಿಗೆ ನಡೆದ. ನಿದ್ದೆ ಕೆಟ್ಟದ್ದು ಆಚೆಗುಡ್ಡದ ಮುದ್ದವ್ವನಿಗೆ. ಅವಳ ಒಬ್ಬನೇ ಮಗ, ಮೇಕೆ ಕಾಯುವ ಕೇತ, ಕೋಟೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದ. ಅವನಿಗೆ ಅರಸುಕುಮಾರಿ ಬೇಕಿರಲಿಲ್ಲ, ಸೇತುವೆ ಬೇಕಿತ್ತು. ಕೋಟೆಗೂ ಆಚೆಗುಡ್ಡಕ್ಕೂ ನಡುವೆ ಆಳವಾದ ಹಳ್ಳ. ಹಿಂದಿನ ಮಳೆಗಾಲದಲ್ಲಿ ಹಳ್ಳ ತುಂಬಿ ಸೂಲಗಿತ್ತಿ ದಾಟಲಾಗದೆ, ಪಕ್ಕದ ದಿಬ್ಬದ ಹೆಂಗಸು ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಅವಳ ನರಳಾಟ ಕೇತನ ಕಿವಿಯಿಂದ ಹೋಗಿರಲಿಲ್ಲ.

"ತಲೆ ಕೊಟ್ಟು ಸೇತುವೆ ತಂದೀಯೇನ್ಲಾ? ಅದರ ಮ್ಯಾಲೆ ನಡೆಯಕ್ಕೆ ನೀನಿರಬೇಕಲ್ಲ ಮಗಾ?" ಎಂದಳು ಮುದ್ದವ್ವ.

"ಸಂಜೆಗೆ ಕೋಟೆ ಗೋಡೆಯಿಂದ್ಲೇ ಕೂಗ್ತೀನಿ ಕಣವ್ವ. ನೀನು ಓಗೊಡು. ಎದರ್ಕೋಬ್ಯಾಡ," ಎಂದು ಕೇತ ಹೊರಟ.

ಕೋಟೆಯ ಮೇಲಿನ ಅಂಗಳದಲ್ಲಿ ಸಭೆ. ಅಪ್ಪ ಸತ್ತ ಮೇಲೆ ನಗುವುದನ್ನೇ ಬಿಟ್ಟಿದ್ದ ಹೊನ್ನಾಜಮ್ಮಣ್ಣಿ ಕಲ್ಲಿನಂತೆ ಕೂತಿದ್ದಳು. ಕೇತನಿಗಿಂತ ಮುಂಚೆ ಮೂವರು ಕಾದಿದ್ದರು.

ಮೊದಲು ಎದ್ದವನು ಕುದುರೆ ವ್ಯಾಪಾರಿ. ಅರಸುಕುಮಾರಿ ಕೇಳಿದಳು: "ಕಟ್ಟಿಟ್ಟವರೇ ಬಿಚ್ಚುವ ದಿನ ಬಾರದಿರಲಿ ಎಂದು ಬೇಡಿಕೊಳ್ಳುತ್ತಾರೆ. ಬಿಚ್ಚದಷ್ಟೂ ಮನೆಗೆ ಒಳ್ಳೆಯದು. ಆದರೂ ಹಳಸಲು ಬಿಡುವಂತಿಲ್ಲ. ಏನದು?"

"ಹಾವಾಡಿಗನ ಬುಟ್ಟಿ!"

"ಹಾವು ಹಳಸುತ್ತದೆಯೇ? ಕರೆದುಕೊಂಡು ಹೋಗಿ," ಎಂದಳು. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು. ಕೇತನಿಗೆ ಉತ್ತರ ಹೊಳೆದಿತ್ತು, ಆದರೆ ಅವನ ಸರದಿ ಇನ್ನೂ ಬಂದಿರಲಿಲ್ಲ.

ಎರಡನೆಯವನು ದಳವಾಯಿಯ ತಮ್ಮ. ಮೊದಲನೆಯದಕ್ಕೆ ಹೇಗೋ ಸರಿಯುತ್ತರವನ್ನೇ ಉಳಿದವರಿಗೆ ಕೇಳದಂತೆ ಅರಸುಕುಮಾರಿಯ ಕಿವಿಯಲ್ಲಿ ಉಸುರಿದ. ಎರಡನೆಯದು ಬಂತು: "ಬೆಳಕಿದ್ದಾಗ ಕಣ್ಣು ಮುಚ್ಚಿ ಗಳಿಸಬೇಕು, ಕತ್ತಲಾದಾಗ ಅದೇ ಕಣ್ಣಾಗುತ್ತದೆ. ಕಳ್ಳ ಕದಿಯಲಾರ, ಗಾಳಿ ಆರಿಸಲಾರದು."

"ಧ್ಯಾನ," ಎಂದ ಅವನು ಮೀಸೆ ತಿರುವಿ, ಈ ಸಲ ಎಲ್ಲರಿಗೂ ಕೇಳುವಂತೆ.

"ಧ್ಯಾನ ಮಾಡುತ್ತಾ ಬಾವಿಗೆ ಬಿದ್ದವರೂ ಉಂಟು. ಕರೆದುಕೊಂಡು ಹೋಗಿ."

ಮೂರನೆಯವನು ಪಾಳೆಯಗಾರನ ಮಗ, ಚುರುಕು ಬುದ್ಧಿಯವನು, ಎರಡನ್ನೂ ದಾಟಿದ. ಅರಸುಕುಮಾರಿಯ ದನಿ ತಗ್ಗಿತು: "ದಿನವೂ ಬರುತ್ತದೆ, ಬಂದಾಗ ಯಾರೂ ತಿರುಗಿ ನೋಡುವುದಿಲ್ಲ. ಒಂದು ದಿನ ಬಾರದಿದ್ದರೆ ಕೈಲಿದ್ದದ್ದು ಬಿಟ್ಟು ಓಡಬೇಕು."

"ಸೂರ್ಯ!"

"ಸೂರ್ಯ ಬಾರದಿದ್ದರೆ ಓಡಿ ಎಲ್ಲಿಗೆ ಹೋಗುತ್ತೀರಿ?" ಎಂದಳು. ಅವನನ್ನೂ ಕರೆದೊಯ್ದರು.

ಕೇತನ ಸರದಿ ಬರುವಾಗ ಹೊತ್ತು ಇಳಿದಿತ್ತು. ಮೊದಲ ಎರಡಕ್ಕೂ ಅವನು ತಡವರಿಸುತ್ತಲೇ ಉತ್ತರ ಉಸುರಿದ. ಮೂರನೆಯದಕ್ಕೆ ಅವನ ತಲೆ ಖಾಲಿ. ಮಳೆ? ಹಸಿವು? ಸಾವು? ಯಾವುದೂ ಕೂಡಿಬರಲಿಲ್ಲ. ಬಿಸಿಲು ಗೋಡೆಯ ತುದಿಗೆ ಏರಿತು. ಅವ್ವ ಒಲೆ ಹಚ್ಚುವ ಹೊತ್ತಾಯಿತು ಎಂದುಕೊಂಡ, ಕಣ್ಣು ತುಂಬಿತು. ಅಷ್ಟರಲ್ಲಿ ಸಂಜೆಯ ನಗಾರಿ ಡಬಡಬ ಬಡಿಯತೊಡಗಿತು.

ಕೇತ ಬೆಚ್ಚಿದ. "ತಾಯಿ, ಒಂದ್ ಗಳಿಗೆ ನಗಾರಿ ನಿಲ್ಸಿ! ಅವ್ವಂಗೆ ಕೂಗ್ಬೇಕು. ಆಮ್ಯಾಕೆ ತಲೆ ತಗೊಳ್ಳಿ."

ಅವಳು ಕೈಯೆತ್ತಿದಳು. ನಗಾರಿ ನಿಂತಿತು. ಕೇತ ಗೋಡೆಗೆ ಓಡಿ, ಬಾಯಿಗೆ ಕೈ ಅಡ್ಡ ಹಿಡಿದು, "ಕೂ!" ಎಂದ. ಹಳ್ಳದಾಚೆ ಒಂದು ದಿಬ್ಬದಿಂದ "ಕೂ!" ಬಂತು. ಮತ್ತೊಂದು ದಿಬ್ಬದಿಂದ ಮತ್ತೊಂದು. ಸಂಜೆಯಾದರೆ ಮನೆಮನೆಯಿಂದ ಹೀಗೆ ಕೂಗಿ ಕ್ಷೇಮವೆಂದು ತಿಳಿಸುವುದು ಆಚೆಗುಡ್ಡದ ವಾಡಿಕೆ. ಮುಂದೆ ಬರಬೇಕಾದದ್ದು ಮುದ್ದವ್ವನದು.

ಬರಲಿಲ್ಲ.

ಇನ್ನೊಮ್ಮೆ ಕೂಗಿದ, ದನಿ ಒಡೆಯಿತು. ಇಲ್ಲ. ಆಗ ಒಂದೊಂದು ದಿಬ್ಬದಲ್ಲೂ ಒಂದೊಂದು ಪಂಜು ಹೊತ್ತಿತು. ಎಲ್ಲವೂ ಕೂಗು ಬಾರದ ಮುದ್ದವ್ವನ ಕತ್ತಲು ಮನೆಯ ಕಡೆಗೆ ಓಡುತ್ತಿದ್ದವು.

"ಅಗೋ ತಾಯಿ, ನಿಮ್ಮ ಉತ್ರ ಅಲ್ಲಿ ಓಡ್ತಾ ಅದೆ," ಎಂದು ಕೇತ ಅತ್ತ. "ದಿನಾ ಬರೋ ಕೂಗು. ಇವತ್ತು ನಮ್ಮವ್ವಂದು ಬರ್ಲಿಲ್ಲ. ನನ್ನ ಬುಟ್ಬುಡಿ!"

ಹೊನ್ನಾಜಮ್ಮಣ್ಣಿ ಎದ್ದು ನಿಂತಿದ್ದಳು, ಕೆನ್ನೆ ಒದ್ದೆ. "ಅಪ್ಪಾಜಿ ದಿನವೂ ತುದಿಯ ಬುರುಜಿನಿಂದ ಶಂಖ ಊದುತ್ತಿದ್ದರು. ಜಾರಿಬಿದ್ದ ದಿನ ಊದಲಿಲ್ಲ. ನಗಾರಿಯ ಗದ್ದಲದಲ್ಲಿ ನಮಗೆ ತಿಳಿಯಲೇ ಇಲ್ಲ, ಕೇತಪ್ಪ. ಬೆಳಗ್ಗೆ ಹೋಗಿ ನೋಡುವಾಗ ಅವರಲ್ಲಿ ಉಸಿರಿರಲಿಲ್ಲ." ತಕ್ಷಣ ಹಗ್ಗ, ಡೋಲಿ, ವೈದ್ಯ ಎಂದು ಕೂಗಿ, ತಾನೂ ಅವನ ಹಿಂದೆ ಓಡಿದಳು.

ಮುದ್ದವ್ವ ಮೇಕೆಮರಿ ಹುಡುಕುತ್ತಾ ಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ನೆರೆಯವರು ಆಗಲೇ ಅವಳನ್ನು ಮನೆಗೆ ಹೊತ್ತು ತಂದು, ಬಾಗಿಲ ಹಿಂದೆ ನೇತುಹಾಕಿದ್ದ ಗಂಟು ಬಿಚ್ಚಿ, ಬಟ್ಟೆಯಿಂದ ಕಾಲು ಕಟ್ಟಿದ್ದರು. ಮಗನನ್ನು ಕಂಡು, "ತಲೆ ಅದೆಯೇನ್ಲಾ ಇನ್ನೂ?" ಎಂದಳು. ಕೇತ ಅವಳ ಮಡಿಲಲ್ಲಿ ಆ ತಲೆಯನ್ನೇ ಇಟ್ಟು ಬಿಕ್ಕಿದ.

ಅಲ್ಲಿಯೇ ಉಳಿದೆರಡು ಉತ್ತರಗಳೂ ಎಲ್ಲರೆದುರು ಬಿಡಿಸಿಕೊಂಡವು. ಮೊದಲನೆಯದು ಆ ಆಪತ್ತಿನ ಗಂಟು. ಹಳೇ ಬಟ್ಟೆ, ಉಪ್ಪು, ಚಕಮಕಿ ಕಲ್ಲು, ಹಗ್ಗ, ಹುರಿಹಿಟ್ಟು ಅದರಲ್ಲಿರುತ್ತವೆ. ಹಬ್ಬ ಬಂದಾಗಲೆಲ್ಲ ಹಳೇ ಹಿಟ್ಟು ತೆಗೆದು ಹೊಸದು ತುಂಬುತ್ತಾರೆ. ಎರಡನೆಯದು ರೂಢಿ. ಆಚೆಗುಡ್ಡದಲ್ಲಿ ಕತ್ತಲಲ್ಲೂ ದಾರಿ ತಪ್ಪದಿರಲೆಂದು ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ಹಗಲಲ್ಲೇ ಮನೆಯಿಂದ ಹಳ್ಳದವರೆಗೆ ನಡೆಸುತ್ತಾರೆ. ಆ ಸಂಜೆ ಗಾಳಿಗೆ ಪಂಜು ಆರಿದಾಗ ಅರಸುಕುಮಾರಿಯನ್ನು ಕೈಹಿಡಿದು ಹಳ್ಳ ದಾಟಿಸಿದ್ದು ಕೇತನ ರೂಢಿಯೇ.

ಅಮಾವಾಸ್ಯೆಗೆ ಯಾರ ತಲೆಯೂ ಹೋಗಲಿಲ್ಲ. ಸೆರೆ ಬಿಟ್ಟ ಕೂಡಲೇ ಕುದುರೆ ವ್ಯಾಪಾರಿ ಕುದುರೆಯನ್ನೂ ಮರೆತು ಓಡಿದ. ಕಲ್ಲಿನ ಸೇತುವೆ ಮಳೆಗಾಲಕ್ಕೆ ಮೊದಲೇ ಎದ್ದಿತು. ಮದುವೆ ಎಂದಿರಾ? ಮುದ್ದವ್ವನ ಕಾಲು ಕೂಡಿಕೊಂಡ ಮೇಲೆ ಅವಳೇ ಸೇತುವೆ ಮೇಲೆ ನಡೆದುಕೊಂಡು ಹೋಗಿ ಹೆಣ್ಣು ಕೇಳಿದಳು. ಕೋಟೆಯಲ್ಲಿ ಇಲ್ಲವೆನ್ನುವವರು ಯಾರೂ ಇರಲಿಲ್ಲ.

ಅಂದಿನಿಂದ ಸಂಜೆಯ ನಗಾರಿ ಒಂದು ಗಳಿಗೆ ತಡವಾಗಿ ಬಡಿಯುತ್ತದೆ. ಮೊದಲು ಆಚೆಗುಡ್ಡದಿಂದ ಮುದ್ದವ್ವನ "ಕೂ!" ಬರಬೇಕು. ಅದಕ್ಕೆ ತುದಿಯ ಬುರುಜಿನಲ್ಲಿ ನಿಂತು ದಿನವೂ ಓಗೊಡುವವಳು ಹೊನ್ನಾಜಮ್ಮಣ್ಣಿ.