ಅಂಗಡಿಯಲ್ಲಿ ಮಾತ್ರ ಓಡಿದ ಕಂಪ್ಯೂಟರ್

"ಬುದ್ಧೀ, ಇಲ್ಲಿ ಇಷ್ಟು ತಣ್ಣಗಿರೋ ಮನಸ್ಸು ಮನೆಗೆ ಹೋದ ಕೂಡ್ಲೇ ಯಾಕೆ ಕೆಡುತ್ತೆ?"

ಕೇಳಿದವನು ಪಂಚಾಕ್ಷರಿ, ಹೈಸ್ಕೂಲ್ ಮೇಷ್ಟ್ರು. ಶನಿವಾರ ಶಾಲೆ ಬಿಟ್ಟರೆ ನೇರ ಮಠಕ್ಕೆ ಬಂದು, ಭಾನುವಾರ ಸಂಜೆಯವರೆಗೂ ಇದ್ದು ಹೋಗುವುದು ಅವನ ರೂಢಿ. ಪ್ರಶ್ನೆ ಕೇಳಿದವನು ಮಠದ ಗುರುಗಳು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ತಾನೇ ಕೊಟ್ಟ. ಮೇಷ್ಟ್ರುಗಳ ಅಭ್ಯಾಸ.

"ನಮ್ಮನೆ ಗಾಳಿನೇ ಸರಿಯಿಲ್ಲ ಬುದ್ಧೀ. ನಾನು ಕೂಗಾಡ್ತೀನಿ, ತಟ್ಟೆ ಎಸೀತೀನಿ ಅಂತ ನನ್ನ ಹೆಂಡ್ತಿ ಅವರಮ್ಮನ ಹತ್ರ ಹೇಳ್ಕೊಂಡಳಂತೆ. ಅವರಮ್ಮನೇ ನಂಬಲಿಲ್ಲ. ಮಠದಲ್ಲಿ ಯಾರನ್ನ ಬೇಕಾದ್ರೂ ಕೇಳಿ, ನಾನು ದನಿ ಎತ್ತಿದ್ದುಂಟಾ? ಅಪ್ಪಣೆ ಕೊಟ್ರೆ ಮನೆ ಬಿಟ್ಟು ಇಲ್ಲೇ ಇದ್ದುಬಿಡ್ತೀನಿ."

ಗುರುಗಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಪ್ಯೂಟರ್ ವ್ಯಾಪಾರಿ. ಹಳೆಯ ಬಿಡಿಭಾಗಗಳನ್ನು ಕೊಂಡು, ಸರಿಮಾಡಿ, ಜೋಡಿಸಿ, ಬಡವರ ಕೈಗೆಟಕುವ ಹಾಗೆ ಮಾರುತ್ತಿದ್ದ. ಮೋಸ ಗೊತ್ತಿಲ್ಲದವನು. ತನ್ನ ಕೈಯ ಮೇಲೆ ಅವನಿಗೆ ಬಹಳ ನಂಬಿಕೆ. ಅದಕ್ಕೆ ಕಾರಣವೂ ಇತ್ತು.

ಅದೇ ಊರಿನಲ್ಲಿ ಒಬ್ಬ ಹೆಂಗಸು. ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಕಲಿತಿದ್ದಳು. ಒಂದು ಸ್ಟುಡಿಯೋದವರು ಅವಳನ್ನು ನಂಬಿ ಮೊದಲ ಕೆಲಸ ಕೊಟ್ಟರು. ಹೇಳಿದ ದಿನಕ್ಕೆ ಮುಗಿಸಿದರೆ ಇನ್ನೊಂದು ಕೆಲಸ. ತಪ್ಪಿದರೆ ಆ ಊರಿನಲ್ಲಿ ಮತ್ತೆ ಯಾರೂ ಅವಳನ್ನು ಕರೆಯುವುದಿಲ್ಲ. ಇಂಥ ಕೆಲಸಕ್ಕೆ ಕಂಪ್ಯೂಟರಿನೊಳಗೆ ಗ್ರಾಫಿಕ್ಸ್ ಕಾರ್ಡ್ ಎಂಬುದೊಂದು ಬೇಕು. ತೆರೆಯ ಮೇಲೆ ಚಿತ್ರ ಮೂಡಿಸುವುದು ಅದೇ. ಹೊಸದನ್ನು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ವ್ಯಾಪಾರಿ ಒಂದು ಸೆಕೆಂಡ್ ಹ್ಯಾಂಡ್ ಕಾರ್ಡ್ ಹಾಕಿ ಕಂಪ್ಯೂಟರ್ ಜೋಡಿಸಿ ಕೊಟ್ಟ. ಫ್ಯಾನು, ಲೋಹದ ಪಟ್ಟಿ ಎಲ್ಲ ಸೇರಿ ಅದು ಬಲು ಭಾರದ ಕಾರ್ಡ್.

ಮನೆಯಲ್ಲಿ ಕಂಪ್ಯೂಟರ್ ಸ್ವಲ್ಪ ಹೊತ್ತು ಓಡಿತು. ಆಮೇಲೆ ತೆರೆ ಕಪ್ಪಾಯಿತು. ಅವಳು ಸಿಪಿಯು ಡಬ್ಬವನ್ನು ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ತಂದಳು. ರಿಪೇರಿಯವರೆಲ್ಲ ಮಾಡುವಂತೆ ವ್ಯಾಪಾರಿ ಡಬ್ಬವನ್ನು ಮೇಜಿನ ಮೇಲೆ ಪಕ್ಕಕ್ಕೆ ಮಲಗಿಸಿ, ಮುಚ್ಚಳ ತೆಗೆದು, ಗುಂಡಿ ಒತ್ತಿದ. ಓಡಿತು. ಸಂಜೆಯವರೆಗೂ ಓಡಿತು. ಮನೆಗೆ ಒಯ್ದಳು, ಕಪ್ಪಾಯಿತು. ಮತ್ತೆ ತಂದಳು, ಮತ್ತೆ ಓಡಿತು.

ವ್ಯಾಪಾರಿ ಸೋಮಾರಿಯಲ್ಲ. ಧೂಳು ಊದಿದ. ಕಾರ್ಡನ್ನು ಒಳಗಿನ ಗೂಡಿಗೆ ಸಿಕ್ಕಿಸುವ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದ. ಒಳಗೆ ಕರೆಂಟ್ ಕೊಡುವ ಪೆಟ್ಟಿಗೆಯನ್ನೇ ಬದಲಿಸಿದ. ಸಾಫ್ಟ್‌ವೇರ್ ಅಳಿಸಿ ಹೊಸದಾಗಿ ಹಾಕಿದ. ಏನು ಮಾಡಿದರೂ ಅಂಗಡಿಯಲ್ಲಿ ಓಡಿತು. ಓಡಿದ್ದರಿಂದ ತನ್ನ ಮದ್ದು ಹತ್ತಿತು ಎಂದುಕೊಂಡ. ಇಲ್ಲದ ಕಾಯಿಲೆಗೆ ಯಾವ ಮದ್ದಾದರೂ ಹತ್ತುತ್ತದೆ.

ಹೀಗೇ ತಂದು ಒಯ್ದು ತಂದು ಒಯ್ದು ಕೊನೆಗೆ ಅವನ ತಾಳ್ಮೆ ಹೋಯಿತು.

"ನೋಡಿ ಅಕ್ಕ, ನಿಮ್ಮ ಕಣ್ಮುಂದೇನೇ ಓಡ್ತಿದೆ. ನಿಮ್ಮನೆ ಕರೆಂಟ್ ಸರಿಯಿಲ್ಲ, ಇಲ್ಲಾ ನೀವೇ ಏನೋ ಒತ್ತಬಾರದ್ದು ಒತ್ತುತ್ತೀರ," ಎಂದ. ಅವಳು ಬಾಗಿಲು ದಾಟುತ್ತಿದ್ದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಪಕ್ಕದ ಅಂಗಡಿಯವನಿಗೆ ಹೇಳಿದ. ಅದು ಅವಳ ಕಿವಿಗೂ ಬಿತ್ತು.

ಕೆಟ್ಟ ಕಂಪ್ಯೂಟರಿಗಿಂತ ಆ ಮಾತು ಅವಳನ್ನು ಹೆಚ್ಚು ನೋಯಿಸಿತು. ಮನೆಯಲ್ಲಿ ಗಂಡ ಕೂಡ, ಅಂಗಡಿಯವನೇ ಸರಿಯಿದೆ ಅಂದಮೇಲೆ ಇನ್ನೇನು ಎಂದು ರಾಗ ಎಳೆದ. ತಾನು ಕಂಡದ್ದು ನಿಜವೋ ಅಲ್ಲವೋ ಎಂದು ಕಡೆಕಡೆಗೆ ಅವಳಿಗೇ ಅನುಮಾನ ಬಂತು. ಮನುಷ್ಯರಿಗೆ ಇದಕ್ಕಿಂತ ದೊಡ್ಡ ಸಂಕಟ ಇಲ್ಲ. ಸ್ಟುಡಿಯೋದವರು ಹೇಳಿದ ದಿನ ಹತ್ತಿರ ಬಂದಾಗ ಅವಳು ಬರಿಗೈಯಲ್ಲಿ ಅಂಗಡಿಗೆ ಹೋದಳು.

"ಡಬ್ಬ ತಂದಿಲ್ಲ ಅಣ್ಣ. ಈ ಸಲ ನೀವೇ ಬನ್ನಿ."

ವ್ಯಾಪಾರಿ ಧೈರ್ಯವಾಗಿಯೇ ಹೋದ. ಅವಳ ತಪ್ಪನ್ನು ತೋರಿಸಿಕೊಟ್ಟು ಬರುವುದು ಎಷ್ಟು ಹೊತ್ತಿನ ಕೆಲಸ ಎಂದುಕೊಂಡಿದ್ದ. ಮೇಜಿನ ಕೆಳಗೆ ನಿಂತಿದ್ದ ಡಬ್ಬವನ್ನು ಹೊರಗೆಳೆದು, ಕೈಗೆ ರೂಢಿಯಾದಂತೆ ನೆಲದ ಮೇಲೆ ಮಲಗಿಸಿ, ಮುಚ್ಚಳ ತೆಗೆದು, ಗುಂಡಿ ಒತ್ತಿದ. ಓಡಿತು. ನೋಡಿದ್ರಾ ಎನ್ನುವಂತೆ ಅವಳ ಮುಖ ನೋಡಿದ. ಮುಚ್ಚಳ ಹಾಕಿ, ಡಬ್ಬವನ್ನು ಮೊದಲಿದ್ದಂತೆ ಮೇಜಿನ ಕೆಳಗೆ ನಿಲ್ಲಿಸಿ, ಅವಳು ಕೊಟ್ಟ ಕಾಫಿ ಕುಡಿಯುತ್ತ ಕೂತ. ಲೋಟ ಖಾಲಿಯಾಗುವುದರೊಳಗೆ ತೆರೆ ಕಪ್ಪಾಯಿತು.

ಆ ಮನುಷ್ಯನನ್ನು ಇಲ್ಲಿ ಮೆಚ್ಚಬೇಕು. ಕರೆಂಟಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಡಬ್ಬವನ್ನು ಮಲಗಿಸಿದ, ಓಡಿತು. ನಿಲ್ಲಿಸಿದ, ಕಪ್ಪಾಯಿತು. ನಿಂತ ಡಬ್ಬದ ಮುಚ್ಚಳ ತೆಗೆದು ಒಳಗೆ ಬೆಳಕು ಬಿಟ್ಟು ನೋಡಿದ. ಡಬ್ಬ ಮಲಗಿದ್ದಾಗ ಕಾರ್ಡಿನ ಭಾರವೆಲ್ಲ ಅದನ್ನು ಸಿಕ್ಕಿಸಿದ ಗೂಡಿನ ಮೇಲೇ ಬೀಳುತ್ತಿತ್ತು. ಡಬ್ಬ ನಿಂತಾಗ ಕಾರ್ಡಿನ ಒಂದು ತುದಿ ಮಾತ್ರ ಬಿಗಿ, ಇನ್ನೊಂದು ತುದಿ ಗಾಳಿಯಲ್ಲಿ. ಅದು ತನ್ನ ಭಾರಕ್ಕೆ ತಾನೇ ಬಾಗಿ, ಬಿಸಿಯೇರಿದಂತೆ ಇನ್ನಷ್ಟು ಬಾಗಿ, ಹಲ್ಲುಗಳು ಗೂಡಿನಿಂದ ಕೂದಲೆಳೆಯಷ್ಟು ಸಡಿಲುತ್ತಿದ್ದವು. ಚಿತ್ರ ಹೋಗುವುದಕ್ಕೆ ಅಷ್ಟು ಸಾಕು.

ಕಾರ್ಡ್ ಕೆಟ್ಟಿರಲಿಲ್ಲ. ಮನೆಯ ಕರೆಂಟೂ ಕೆಟ್ಟಿರಲಿಲ್ಲ. ವ್ಯಾಪಾರಿ ಕಂಡದ್ದು ಸುಳ್ಳಲ್ಲ, ಆದರೆ ಅವನು ನೋಡಿದ್ದು ಮಲಗಿದ ಡಬ್ಬವನ್ನು. ನಿಂತ ಡಬ್ಬದ ಜೊತೆ ದಿನ ಕಳೆದವಳು ಅವಳು.

"ತಪ್ಪು ನಂದೇ ಅಕ್ಕ. ನೀವು ಹೇಳಿದ್ದೆಲ್ಲ ನಿಜ," ಎಂದ ವ್ಯಾಪಾರಿ.

ಅವಳಿಗೆ ಅಳು ಬಂತು. ಕಂಪ್ಯೂಟರ್ ಸರಿಯಾಗುತ್ತದೆ ಎಂದಲ್ಲ. ತಾನು ಸುಳ್ಳುಗಾತಿಯಲ್ಲ ಎಂದು ಒಬ್ಬರ ಬಾಯಿಂದಾದರೂ ಬಂತಲ್ಲ ಎಂದು. ಕಣ್ಣೊರೆಸಿಕೊಂಡು ಹೊಲಿಗೆ ಯಂತ್ರದ ಖಾನೆಯಿಂದ ದಾರ ಮುಗಿದ ಉದ್ದನೆಯ ಉರುಳೆಯೊಂದನ್ನು ತಂದುಕೊಟ್ಟಳು. ವ್ಯಾಪಾರಿ ಅದನ್ನು ಅಳತೆಗೆ ಕೊಯ್ದು ಕಾರ್ಡಿನ ಬಾಗಿದ ತುದಿಗೆ ಆಸರೆ ಕೊಟ್ಟ. ಡಬ್ಬ ನಿಂತೇ ಓಡಿತು. ಮದುವೆಯ ವಿಡಿಯೋ ಹೇಳಿದ ದಿನಕ್ಕೆ ಸ್ಟುಡಿಯೋ ಸೇರಿತು.

ಗುರುಗಳು ಕತೆ ಮುಗಿಸಿದರು. ಪಂಚಾಕ್ಷರಿಯ ಮುಖ ಅರಳಿತು.

"ಅರ್ಥ ಆಯ್ತು ಬುದ್ಧೀ. ನನಗೂ ಒಂದು ಆಸರೆ ಬೇಕು. ಹಾಗಾದ್ರೆ ನಾನು ಇಲ್ಲೇ ಇರೋದಕ್ಕೆ ಅಪ್ಪಣೆ ಆದಂಗೇ ಅಲ್ವಾ?"

ಗುರುಗಳು ಹೇಳಿದರು: "ನಾವು ನಿನ್ನನ್ನು ಮಲಗಿಸಿ ನೋಡಿದವರು, ಪಂಚಾಕ್ಷರಿ, ನಿಲ್ಲಿಸಿ ನೋಡಿದವಳು ನಿನ್ನ ಹೆಂಡತಿ."