ಮೈದಾನದ ಹಾಡು

ಆರ್ಕೆಸ್ಟ್ರಾ ನಿಂತುಹೋದ ಮೇಲೆ ಗಿಟಾರಿನ ಎಲಿಯಾಸ್ ತನ್ನ ನೂರು ವಾಟಿನ ಆಂಪ್ಲಿಫೈಯರನ್ನು ಒಂಟಿ ಕೋಣೆಯ ಬಾಡಿಗೆ ಮನೆಗೆ ಹೊತ್ತು ತಂದ. ಅಲ್ಲಿ ಎರಡು ವಾಟಿನ ಪುಟ್ಟ ಆಂಪ್ಲಿಫೈಯರೊಂದು ಆಗಲೇ ಸ್ಟೂಲಿನ ಮೇಲೆ ಕೂತಿತ್ತು. ಎರಡಕ್ಕೂ ಜಾಗವಿರಲಿಲ್ಲ, ಒಂದು ಹೊರಡಲೇಬೇಕಿತ್ತು.

"ಏಳಯ್ಯಾ ಮರಿ, ನಾನು ಮೈದಾನ ನಡುಗಿಸಿದವನು" ಎಂದಿತು ದೊಡ್ಡದು.

"ನಡುಗಿಸಣ್ಣಾ. ಆದರೆ ಗೋಡೆಯಾಚೆ ಬಾಣಂತಿ ಇದ್ದಾಳೆ" ಎಂದಿತು ಚಿಕ್ಕದು.

ಎಲಿಯಾಸ್ ದೊಡ್ಡದರ ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಗಿಟಾರು ಮೀಟಿದ. ಕಂಬಳಿಯೊಳಗೆ ಯಾರೋ ಕೆಮ್ಮಿದ ಹಾಗೆ ಸದ್ದು ಬಂತು. ಇನ್ನೊಂಚೂರು ತಿರುಗಿಸಿದ, ಗೋಡೆಯಾಚೆ ಮಗು ಕಿರುಚಿಕೊಂಡಿತು.

ಮರುದಿನವೇ ದೊಡ್ಡದನ್ನು ಗೆಳೆಯರು ಪ್ರಾಕ್ಟೀಸ್ ಮಾಡುವ ಗೋದಾಮಿಗೆ ಸಾಗಿಸಿದ.

"ಬಾರಣ್ಣಾ!" ಎಂದು ಡ್ರಮ್ಮು ನಕ್ಕಿತು. "ಆ ಮರಿ ಇಲ್ಲಿಗೆ ಬಂದಾಗ ಬರೀ ಬಾಯಾಡಿಸುತ್ತಿತ್ತು. ನನ್ನ ಏಟಿನೆದುರು ಒಂದಕ್ಷರ ಕೇಳುತ್ತಿರಲಿಲ್ಲ."

ಡ್ರಮ್ಮಿನ ಜೊತೆ ದೊಡ್ಡದಕ್ಕೆ ಹಳೇ ಗಂಟಲು ಮರಳಿತು. ಆದರೂ ಎಲ್ಲರೂ ಬೀಗ ಹಾಕಿಕೊಂಡು ಹೋದಮೇಲೆ ಅದಕ್ಕೆ ಎಲಿಯಾಸನ ಕೋಣೆ, ತನ್ನದಾಗದ ಆ ಸ್ಟೂಲು ನೆನಪಾಗುತ್ತಿತ್ತು. ಭಾನುವಾರ ಗಿಟಾರು ಬಂದಾಗ ತಡೆಯಲಾರದೆ ಕೇಳಿತು:

"ಮನೆಯಲ್ಲಿ ಆ ಮರಿ ಏನು ಹಾಡುತ್ತದೆ?"

"ನಿನ್ನ ಮೈದಾನದ ಹಾಡನ್ನೇ. ಎಲಿಯಾಸನಿಗೆ ಬೇರೆ ಹಾಡು ಎಲ್ಲಿ ಬರುತ್ತದೆ?"

"ಮಗು ಅಳುವುದಿಲ್ಲವೇ?"

"ಅದನ್ನು ಕೇಳದೆ ಈಗ ಮಲಗುವುದೇ ಇಲ್ಲ."

ದೊಡ್ಡದು ಡ್ರಮ್ಮಿನ ಕಡೆ ತಿರುಗಿ, "ತಮ್ಮಾ, ಇವತ್ತು ಆ ಹಾಡೇ ಮೊದಲು" ಎಂದಿತು.