ಕೂಗದ ಕಾಲು

“ಗುರುಗಳೇ, ನೋವು ನಿಂತಿತು ಎಂದು ರೋಗಿಯೇ ಹೇಳಿದ ಮೇಲೆ ವೈದ್ಯನಿಗೆ ಇನ್ನೇನು ಕೆಲಸ?” ಎಂದು ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಹೆಸರು ಬನಪ್ಪ. ಮೂವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು, ಬೆನ್ನು ಬಾಗಿಸಿ ಕೂತವನು. ಒಂದು ದಿನ ನೂಲು ಸುತ್ತಿದ ಭಾರದ ದಿಂಡನ್ನು ಬಗ್ಗಿ ಎತ್ತಿದ. ಸೊಂಟದಲ್ಲಿ ಚಳಕ್ ಎಂದಿತು. ಅದನ್ನು ಅವನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಮರುದಿನದಿಂದ ಎಡಗಾಲು ಹಿಡಿಯಿತು. ಪಿರ್ರೆಯಿಂದ ಹೊರಟ ನೋವು ತೊಡೆಯ ಹಿಂಭಾಗದಲ್ಲಿ ಇಳಿದು ಪಾದ ಮುಟ್ಟುತ್ತಿತ್ತು. ಕೂತರೆ ಉರಿ, ಕೆಮ್ಮಿದರೆ ಸಿಡಿತ. ನೋವು ಕಾಲಿನಲ್ಲಿ, ಆದ್ದರಿಂದ ರೋಗವೂ ಕಾಲಿನಲ್ಲೇ ಎಂದು ಎಲ್ಲರೂ ನಂಬಿದರು. ಕಾಲಿಗೆ ಎಣ್ಣೆ ತಿಕ್ಕಿದರು, ಪಟ್ಟು ಹಾಕಿದರು. ಕಡೆಗೆ ಬರೆ ಹಾಕುವವನನ್ನು ಕರೆಸಿದರು.

ಮೊದಲ ಬರೆ ಮೀನಖಂಡಕ್ಕೆ. ಬನಪ್ಪ ಕೂಗಿದ್ದು ಇಡೀ ಓಣಿಗೆ ಕೇಳಿಸಿತು. ಹದಿನೈದು ದಿನ ಬಿಟ್ಟು ಬರೆ ಹಾಕುವವನು ಮತ್ತೆ ಬಂದ. ಕಬ್ಬಿಣ ಕೆಂಪಗೆ ಕಾಯಿಸಿ ಪಾದದ ಮೇಲೆ ಇಟ್ಟ. ಬನಪ್ಪ ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು ಕಾದ. ಚರ್ಮ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು.

“ಇಟ್ಟಿಯೇನು?” ಎಂದು ಬನಪ್ಪ ಕೇಳಿದ.

ಬರೆ ಹಾಕುವವನು ನಕ್ಕ. “ಇಟ್ಟು ತೆಗೆದೂ ಆತು. ನಿನ್ನ ನೋವು ಹೋತು ನೋಡು!”

ನಿಜವಾಗಿಯೂ ಹೋಗಿತ್ತು. ಒಂದು ತಿಂಗಳಿನಿಂದ ನಿದ್ದೆ ಕಾಣದ ಬನಪ್ಪ ಆ ರಾತ್ರಿ ನಿದ್ದೆ ಮಾಡಿದ. ಹೆಂಡತಿ ನೀಲವ್ವ ಹೋಳಿಗೆ ಮಾಡಿ ಓಣಿಯವರಿಗೆ ಬಡಿಸಿದಳು. ಬರೆ ಹಾಕಿದವನಿಗೆ ಹೊಸ ಧೋತರ ಕೊಟ್ಟಳು.

ಮೂರನೆಯ ದಿನ ಬೆಳಿಗ್ಗೆ ನೀಲವ್ವ ಕಸ ಗುಡಿಸುತ್ತಿದ್ದಳು. ಹೊಸ್ತಿಲಿನಿಂದ ಮಗ್ಗದವರೆಗೆ ನೆಲದ ಮೇಲೆ ರಕ್ತ. ಗಂಡನ ಎಡ ಅಂಗಾಲಿನಲ್ಲಿ ಒಂದು ಮೊಳೆ ಪೂರ್ತಿ ನೆಟ್ಟಿತ್ತು. ಅವನು ಅದರ ಮೇಲೆಯೇ ಓಡಾಡುತ್ತಿದ್ದ. ಅವನಿಗೆ ಗೊತ್ತೇ ಇರಲಿಲ್ಲ. ಎದ್ದು ನಿಂತರೆ ಪಾದ ಮೇಲೇಳಲಿಲ್ಲ, ಒದ್ದೆ ಬಟ್ಟೆಯಂತೆ ಜೋತುಬಿತ್ತು. ಹಿಂದಿನ ಸಂಜೆಯಿಂದ ಮೂತ್ರವೂ ಆಗಿಲ್ಲ ಎಂದು ಆಗ ಬಾಯಿಬಿಟ್ಟ.

ಅವಳು ಸಿಕ್ಕ ಗಾಡಿಯಲ್ಲಿ ಅವನನ್ನು ಪಟ್ಟಣದ ಆಸ್ಪತ್ರೆಗೆ ಸಾಗಿಸಿದಳು.

ಡಾಕ್ಟರಮ್ಮ ಬೆರಳು ಎತ್ತಲು ಹೇಳಿದರು. ಬೆರಳು ಏಳಲಿಲ್ಲ. “ನೋವು ಯಾವಾಗ ನಿಂತಿತು?” ಎಂದು ಕೇಳಿದರು.

“ಮೂರು ದಿನ ಆತ್ರಿ. ಈಗ ಒಂಚೂರೂ ಇಲ್ಲ,” ಎಂದಳು ನೀಲವ್ವ. ಅಷ್ಟು ಗಾಬರಿಯಲ್ಲೂ ಆ ಮಾತನ್ನು ಅವಳು ಸಮಾಧಾನದಿಂದಲೇ ಹೇಳಿದಳು.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು.

“ತಾಯಿ, ಈ ಕಾಲಿಗೆ ಯಾವ ರೋಗವೂ ಇರಲಿಲ್ಲ. ಸೊಂಟದ ಮೂಳೆಗಳ ನಡುವಿನ ಮೆತ್ತೆ ಜಾರಿ, ಕಾಲಿಗೆ ಇಳಿಯುವ ನರದ ಬೇರನ್ನು ಒತ್ತಿತ್ತು; ಈಗ ಮೂತ್ರದ ನರಗಳನ್ನೂ ಒತ್ತಿದೆ. ಕಾಲಿನ ನರ ಇಷ್ಟು ದಿನ ಕೂಗಿ ಹೇಳುತ್ತಿತ್ತು. ಈಗ ಅದು ಸಾಯುತ್ತಿದೆ. ಅದಕ್ಕೇ ನೋವಿಲ್ಲ.”

ನೀಲವ್ವ ಗಂಡನ ಪಾದ ನೋಡುತ್ತ ಕೇಳಿದಳು: “ಮೊದಲೇ ಬಂದಿದ್ದರೆ?”

“ಹೆಚ್ಚಿನವರಿಗೆ ಚಾಕುವೇ ಬೇಕಾಗುವುದಿಲ್ಲ. ಭಾರ ಎತ್ತದೆ, ಒಂದೇ ಕಡೆ ಕೂರದೆ, ಮಾತ್ರೆ ತಗೊಂಡು, ಹೇಳಿಕೊಟ್ಟ ವ್ಯಾಯಾಮ ಮಾಡಿ, ನಡೆದಾಡಿಕೊಂಡಿದ್ದರೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಆದರೆ ಕಾಲು ಜೋಮು ಹಿಡಿದು ಪಾದ ಸೋತರೆ, ಮೂತ್ರ ಕಟ್ಟಿದರೆ, ಒಂದು ದಿನವೂ ಕಾಯಬಾರದು.”

ಅಂದೇ ಶಸ್ತ್ರಚಿಕಿತ್ಸೆ ಮಾಡಿದರು. ಮೂತ್ರ ಸರಿಹೋಗಲು ಎರಡು ತಿಂಗಳು ಹಿಡಿಯಿತು. ಪಾದ ಮಾತ್ರ ಪೂರ್ತಿ ಮರಳಲಿಲ್ಲ. ಈಗ ಮಗ್ಗದಲ್ಲಿ ಕೂರುವವಳು ನೀಲವ್ವ. ಬನಪ್ಪ ನಿಂತುಕೊಂಡು ನೂಲು ಸುತ್ತುತ್ತಾನೆ. ಆಗಾಗ ಬಿಟ್ಟು, ಕಾಲೆಳೆಯುತ್ತ ಓಣಿಯ ತುದಿಯವರೆಗೆ ನಡೆದು ಬರುತ್ತಾನೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

“ಎಂಥ ಪಾಪಿ ಆ ಬರೆ ಹಾಕಿದವನು! ಬದುಕಿದ್ದ ಕಾಲನ್ನು ಸುಟ್ಟುಬಿಟ್ಟನಲ್ಲ!” ಎಂದ ಶಿಷ್ಯ.

“ಸುಟ್ಟದ್ದು ತಪ್ಪು. ಸುಟ್ಟರೂ ಬನಪ್ಪ ಕೂಗಲಿಲ್ಲವಲ್ಲ, ಆಗ ಅಲ್ಲಿ ಒಬ್ಬರೂ ಬೆಚ್ಚಿಬೀಳಲಿಲ್ಲ, ಅದು ಇನ್ನೂ ದೊಡ್ಡ ತಪ್ಪು,” ಎಂದರು ಗುರುಗಳು.